ಎರಡು ಗ್ರಾಂ ಹೆಚ್ಚು

ನಮ್ಮಪ್ಪನ ಹೆಸರು ಹಿಡಿದು ಹುಡುಕಿಕೊಂಡು ಬಂದವರಿಗೆ ನಮ್ಮ ಬೀದಿಯಲ್ಲಿ ಯಾರೂ ದಾರಿ ತೋರಿಸುತ್ತಿರಲಿಲ್ಲ. ತಕ್ಕಡಿ ಎಂದರೆ ಮಾತ್ರ ಎದುರಂಗಡಿಯ ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಕೊನೇ ಶಟರ್. ಗೋಡೆ ತುಂಬ ಕೊಯ್ದ ಸೈಕಲ್ ನೇತಾಡ್ತಿರುತ್ತೆ ನೋಡಿ" ಎನ್ನುತ್ತಿದ್ದ. ಹಾಗೆ ಬಂದವರು ಬಾಗಿಲಲ್ಲೇ ಒಂದು ಕ್ಷಣ ನಿಂತುಬಿಡುತ್ತಿದ್ದರು. ಮೂರು ಗೋಡೆಗಳ ಮೇಲೂ ರೇಸ್ ಸೈಕಲ್ಲಿನ ಫ್ರೇಮುಗಳು. ಕೆಂಪು, ನೀಲಿ, ಬಂಗಾರದ ಬಣ್ಣದ ಅಕ್ಷರಗಳು, ಹೆಸರಾಂತ ಕಂಪನಿಗಳ ಗುರುತುಗಳು. ಒಂದೊಂದನ್ನೂ ಗರಗಸದಿಂದ ನಡುವೆ ಎರಡಾಗಿ ಕೊಯ್ಯಲಾಗಿತ್ತು. ಅಷ್ಟೂ ನಕಲಿ ಫ್ರೇಮುಗಳು.

ಕಾರ್ಬನ್ ಫ್ರೇಮ್ ನೋಡದವರಿಗೆ ಒಂದು ಮಾತು. ಅದು ಕಬ್ಬಿಣವಲ್ಲ. ಅಂಟಿನಲ್ಲಿ ನೆನೆಸಿದ ಕಪ್ಪು ನೂಲಿನ ಹಾಳೆಗಳನ್ನು ತುಂಡು ತುಂಡಾಗಿ ಕತ್ತರಿಸಿ, ಅಚ್ಚಿನೊಳಗೆ ಪದರದ ಮೇಲೆ ಪದರ ಕೂರಿಸಿ, ಬಿಸಿಗೆ ಇಟ್ಟು ಗಟ್ಟಿ ಮಾಡಿದ್ದು. ಎರಡು ಬೆರಳಲ್ಲಿ ಎತ್ತಬಹುದು. ಬೆಲೆ ಮಾತ್ರ ಕೂತುಕೊಂಡು ಕೇಳುವಂಥದ್ದು. ಅದಕ್ಕೇ ಅದಕ್ಕೆ ನಕಲಿಯೂ ಹುಟ್ಟಿತು. ಹೊರಗಿನ ಬಣ್ಣ, ಅಕ್ಷರ, ಹೊಳಪು ಯಾವುದರಲ್ಲೂ ತಪ್ಪು ಹಿಡಿಯಲಾಗದು. ಒಳಗೆ ಸುಕ್ಕು, ಗಾಳಿಗುಳ್ಳೆ, ತೆಗೆಯದೆ ಬಿಟ್ಟ ಪ್ಲಾಸ್ಟಿಕ್ ಚೂರು. ಅಂಗಡಿಯಲ್ಲಿ ನಿಂತಾಗ ಎರಡೂ ಒಂದೇ. ಇಳಿಜಾರಿನಲ್ಲಿ ಜೋರಾಗಿ ಇಳಿಯುತ್ತ ಬ್ರೇಕ್ ಹಿಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಆಗ ಗೊತ್ತಾಗಿ ಪ್ರಯೋಜನವಿಲ್ಲ.

ಅಪ್ಪನ ಕೆಲಸ ಆ ವ್ಯತ್ಯಾಸವನ್ನು ಮೊದಲೇ ಹೇಳುವುದು. ಸಾಮಾನು ಮೂರೇ: ಒಂದು ತೂಕದ ಯಂತ್ರ, ಕೊಳವೆಯೊಳಗೆ ಇಳಿಸುವ ಬೆರಳು ಗಾತ್ರದ ಕ್ಯಾಮೆರಾ, ಒಂದು ಹಳೆಯ ನಾಣ್ಯ. ನಾಣ್ಯದಿಂದ ಕೊಳವೆಯ ಉದ್ದಕ್ಕೂ ಬಡಿಯುತ್ತ ಹೋಗುತ್ತಿದ್ದ. ಸದ್ದು ಎಲ್ಲಿ ಮಂಕಾಯಿತೋ ಅಲ್ಲಿ ಅವನ ಹುಬ್ಬು ಗಂಟಾಗುತ್ತಿತ್ತು. ನಕಲಿ ಎಂದು ಹೇಳಿದ ಮೇಲೆ ಅವನದೊಂದು ಕಟ್ಟುನಿಟ್ಟು: ಯಜಮಾನನ ಎದುರೇ ಅದನ್ನು ಕೊಯ್ಯಬೇಕು. ಇಲ್ಲದಿದ್ದರೆ ಕಳಕೊಂಡ ಹಣ ವಾಪಸು ಬರಲಿ ಎಂದು ಆ ಮನುಷ್ಯ ಅದನ್ನೇ ಇನ್ನೊಬ್ಬನ ತಲೆಗೆ ಕಟ್ಟುತ್ತಾನೆ ಎನ್ನುವುದು ಅವನ ಲೆಕ್ಕ. ಒಬ್ಬ ಹಲ್ಲಿನ ಡಾಕ್ಟರು, ತಾನು ಇಂಟರ್ನೆಟ್ಟಿನಲ್ಲಿ ತರಿಸಿದ ಫ್ರೇಮಿಗಾಗಿ ಅರ್ಧ ಗಂಟೆ ವಾದ ಮಾಡಿದರು. ಅಪ್ಪ ಎಲ್ಲ ಕೇಳಿಸಿಕೊಂಡು, "ಡಾಕ್ಟ್ರೇ, ನೀವು ಕಟ್ಟಿಕೊಡೋ ಹಲ್ಲಿನ ಸೆಟ್ ಎಷ್ಟು ನಿಜವೋ ಇದೂ ಅಷ್ಟೇ ನಿಜ. ಅದರಲ್ಲಿ ಊಟ ಮಾಡಬಹುದು. ಇದರ ಮೇಲೆ ಕೂತ್ರೆ ನಿಮ್ಮ ಹಲ್ಲೇ ಹೋಗುತ್ತೆ" ಎಂದು ಗರಗಸ ತೆಗೆದುಕೊಂಡ. ಡಾಕ್ಟರು ಸಿಟ್ಟಾಗಿ ಹೋದರು, ಆರು ತಿಂಗಳಿಗೆ ಒಂದು ಅಸಲಿ ಹಳೆಯ ಫ್ರೇಮ್ ಹಿಡಿದು ಅವನ ಹತ್ತಿರವೇ ಬಂದರು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವನ ಮಾತಿಗೆ ಬೆಲೆ ಇರುತ್ತದೆ. ನಾನು ಅವನ ಮಗಳು, ಅಂಗಡಿಯ ಹಿಂಭಾಗದಲ್ಲಿ ಬಣ್ಣದ ಕೆಲಸ ನನ್ನದು. ಅವನ ಬಾಯಿಗೆ ಹೆದರಿ ಓಡಿಹೋದ ಗಿರಾಕಿಗಳನ್ನು ಬೀದಿಗೆ ಹೋಗಿ ಕರೆತರುವುದೂ ನನ್ನದೇ.

ಅವನಿಗೆ ತಕ್ಕಡಿ ಎಂಬ ಹೆಸರು ಬಿದ್ದದ್ದು ಫ್ಯಾಕ್ಟರಿಯಲ್ಲಿ. ಊರಾಚೆಯ ಆ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದದ್ದು ಅಸಲಿ ಫ್ರೇಮುಗಳು, ದೊಡ್ಡ ಕಂಪನಿಯವು. ಅಪ್ಪ ಅಲ್ಲಿ ಇಪ್ಪತ್ತೈದು ವರ್ಷ ತೂಕದ ಮೇಜಿನ ಮುಂದೆ ಕೂತಿದ್ದ. ಹಾಳೆ ಕೂರಿಸುವ ಹೆಂಗಸರು ಒಂದೊಂದು ಫ್ರೇಮಿನ ಪದರಗಳನ್ನೆಲ್ಲ ಜೋಡಿಸಿ, ಬಿಸಿಗೆ ಹೋಗುವ ಮುಂಚೆ ಅವನ ಮೇಜಿಗೆ ತರಬೇಕು. ನಕ್ಷೆಯಲ್ಲಿ ಹೇಳಿದ್ದಕ್ಕಿಂತ ಒಂದು ಗ್ರಾಂ ಆಚೀಚೆ ಆದರೂ ವಾಪಸು. ವಾಪಸು ಬಂದದ್ದು ಆ ಹೆಂಗಸಿನ ಹೆಸರಿಗೆ ತಪ್ಪಾಗಿ ಬೀಳುತ್ತಿತ್ತು. ಅಲ್ಲಿ ಹಾಳೆ ಕೂರಿಸುತ್ತಿದ್ದವರಲ್ಲಿ ಒಬ್ಬಳು ನಮ್ಮಮ್ಮ. ಅವಳ ಅಡ್ಡಹೆಸರು ಕತ್ತರಿ. ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಕತ್ತರಿ. ಯಂತ್ರ ಕತ್ತರಿಸಿ ಕೊಟ್ಟ ತುಂಡುಗಳ ಚೂಪು ಮೂಲೆಗಳನ್ನು ಅದರಿಂದ ಗುಂಡಗೆ ಮಾಡುತ್ತಿದ್ದಳು. "ಮೂಲೆ ಇದ್ರೆ ಎದ್ದು ಬರುತ್ತೆ" ಎನ್ನುವುದು ಅವಳ ವಾದ. ಮನೆಯಲ್ಲೂ ಅದೇ ಚಾಳಿ. ನನ್ನ ಮೊಣಕಾಲಿನ ಪ್ಲಾಸ್ಟರಿಗೂ, ಪುಸ್ತಕದ ಲೇಬಲ್ಲಿಗೂ, ಚಾದರಕ್ಕೆ ಹಾಕಿದ ತೇಪೆಗೂ ಮೂಲೆ ಇರುತ್ತಿರಲಿಲ್ಲ. ಇಬ್ಬರೂ ಮದುವೆಯಾದಾಗ ಫ್ಯಾಕ್ಟರಿಯವರು, "ತಕ್ಕಡಿಗೆ ಕತ್ತರಿ ಬಿತ್ತು, ಇನ್ನು ತೂಕ ನೆಟ್ಟಗಿರಲ್ಲ" ಎಂದು ನಕ್ಕಿದ್ದರಂತೆ. ಅಪ್ಪ ಇದನ್ನು ನೂರು ಸಲ ಹೇಳಿದ್ದಾನೆ, ನೂರು ಸಲವೂ ತಾನೇ ಮೊದಲು ನಕ್ಕಿದ್ದಾನೆ.

ಆ ಫ್ಯಾಕ್ಟರಿಯಲ್ಲೊಂದು ಪದ್ಧತಿ ಇತ್ತು. ಇಪ್ಪತ್ತು ವರ್ಷ ದುಡಿದವರು ತಮಗಾಗಿ ಒಂದು ಫ್ರೇಮ್ ಮಾಡಿಕೊಳ್ಳಬಹುದು. ಅದಕ್ಕೆ ನಂಬರ್ ಹಾಕಿ, ಕೆಲಸಗಾರರ ಹೆಸರು ಬರೆದ ಪತ್ರ ಕೊಡುತ್ತಿದ್ದರು. ಅಮ್ಮ ತನ್ನದನ್ನು ನನ್ನ ಅಳತೆಗೆ ಮಾಡಿದಳು. ಆಗ ನನಗೆ ಹತ್ತೊಂಬತ್ತು. ಬಿಳಿ ಬಣ್ಣ ಹಾಕಿಸಿ, "ಇದನ್ನ ಎಲ್ಲಿ ಬೇಕಾದ್ರೂ ಓಡಿಸು, ನಾನಿದ್ದೀನಿ" ಎಂದಳು. ಮೂರು ವರ್ಷಕ್ಕೆ ಕ್ಯಾನ್ಸರ್ ಅವಳನ್ನು ತೆಗೆದುಕೊಂಡು ಹೋಯಿತು. ಅದೇ ವರ್ಷ ಫ್ಯಾಕ್ಟರಿಗೆ ತಾನೇ ತೂಗುವ ಯಂತ್ರ ಬಂದು ಅಪ್ಪನ ಮೇಜೂ ಹೋಯಿತು. ಅಂಗಡಿ ಶುರುವಾದದ್ದು ಹಾಗೆ. ಬಿಳಿ ಫ್ರೇಮಿನ ಸೈಕಲ್ ಮಾತ್ರ ಅಂಗಡಿಯ ಹಿಂದಿನ ನಮ್ಮ ಒಳಕೋಣೆಯ ಮೊಳೆಯಲ್ಲಿ ಇಡಿಯಾಗಿ ನೇತಾಡುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಇಳಿಸಿ, ನೀರಿನ ಟ್ಯಾಂಕಿನ ಹಿಂದಿನ ಉದ್ದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿದು ಬರುತ್ತಿದ್ದೆ.

ಅಂಗಡಿಗೆ ಬಂದ ಫ್ರೇಮುಗಳಲ್ಲಿ ಕೆಲವು ಅಮ್ಮ ಮಾಡಿದವು. ಅದು ಅಪ್ಪನಿಗೆ ಗೊತ್ತಾಗುತ್ತಿದ್ದದ್ದು ಬುಡದಿಂದ. ಪೆಡಲಿನ ಇರುಸು ಕೂರುವ ಜಾಗಕ್ಕೆ ಅವರು ಬುಡ ಎನ್ನುತ್ತಾರೆ, ಮುಂದೆ ಹ್ಯಾಂಡಲ್ ಕೂರುವ ಜಾಗಕ್ಕೆ ಕತ್ತು. ಅಮ್ಮನಿಗೆ ಕಂಪನಿಯ ನಕ್ಷೆಯಲ್ಲಿ ಬುಡ ಬಡವಾಗಿದೆ ಅನ್ನಿಸಿತ್ತು. ಬಿರುಕು ಬಿಟ್ಟು ವಾಪಸು ಬಂದ ಫ್ರೇಮುಗಳನ್ನು ಫ್ಯಾಕ್ಟರಿಯ ಹಿತ್ತಿಲಲ್ಲಿ ರಾಶಿ ಹಾಕುತ್ತಿದ್ದರಲ್ಲ, ಅಲ್ಲಿಗೆ ಊಟದ ಹೊತ್ತಿನಲ್ಲಿ ಹೋಗಿ ನೋಡಿ ಬಂದಿದ್ದಳು. ಎಲ್ಲವೂ ಬುಡದಲ್ಲೇ ಬಿಟ್ಟಿದ್ದವು. ಎಂಜಿನಿಯರಿಗೆ ಹೇಳಿದರೆ, ನಕ್ಷೆ ನೋಡಿ ಕೆಲಸ ಮಾಡಮ್ಮ ಎಂದರಂತೆ. ಅವಳು ಅಷ್ಟಕ್ಕೆ ಬಿಡುವವಳಲ್ಲ. ಹೆಬ್ಬೆರಳಗಲದ ಮೂರು ಪಟ್ಟಿ ಹೆಚ್ಚಿಗೆ ಕತ್ತರಿಸಿ, ಮೂಲೆ ಗುಂಡಗೆ ಮಾಡಿ, ಒಂದರ ಮೇಲೊಂದು ಬುಡದೊಳಗೆ ಕೂರಿಸಿಬಿಡುತ್ತಿದ್ದಳು. ಅಂಥ ಫ್ರೇಮ್ ಬಂದ ದಿನ ಅಪ್ಪ ಕ್ಯಾಮೆರಾ ಇಳಿಸಿದವನೇ ನನ್ನನ್ನು ಕೂಗುತ್ತಿದ್ದ: "ಬಾರೇ, ನಿಮ್ಮಮ್ಮ ಇಲ್ಲೂ ಕೂತಿದ್ದಾಳೆ!" ಪರದೆಯ ಮೇಲೆ ಆ ಮೂರು ಗುಂಡು ಮೂಲೆಗಳು. ಆಮೇಲೆ ನಾಣ್ಯ ಬಡಿಯುವ ಗೋಜಿಗೂ ಹೋಗದೆ ಅಸಲಿ ಎಂದು ಬರೆದುಕೊಡುತ್ತಿದ್ದ. ಹಲ್ಲಿನ ಡಾಕ್ಟರು ಎರಡನೇ ಸಲ ತಂದದ್ದೂ ಅಂಥದ್ದೇ. ಆ ದಿನ ಅಪ್ಪ ಅವರಿಗೆ ಕಾಫಿ ಕೂಡ ತರಿಸಿಕೊಟ್ಟಿದ್ದ.

ಆ ಸೋಮವಾರ ಮಧ್ಯಾಹ್ನ ಬಂದವಳು ಒಂದು ಸಣ್ಣ ರೇಸ್ ತಂಡದ ಮೆಕ್ಯಾನಿಕ್. ಮೂವತ್ತೈದರ ಆಸುಪಾಸಿನ ಹೆಂಗಸು, ಉಗುರಿನ ಸಂದಿಯಲ್ಲಿ ಗ್ರೀಸು. ಹಳೆಯ ಚಾದರದ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಒಳಗಿದ್ದದ್ದು ಕತ್ತಿನಲ್ಲಿ ಮುರಿದ ಫ್ರೇಮ್, ಆಮೇಲೆ ಯಾರೋ ಯಂತ್ರದಲ್ಲಿ ನೀಟಾಗಿ ಕೊಯ್ದ ಅದರ ತುಂಡುಗಳು. ನಾನು ಅವಳನ್ನು ಪೇಪರಿನಲ್ಲಿ ನೋಡಿದ್ದೆ. ಮೂರು ವಾರದ ಹಿಂದೆ ಆ ತಂಡದ ಹತ್ತೊಂಬತ್ತು ವರ್ಷದ ಹುಡುಗಿ ಅಭ್ಯಾಸದ ಹೊತ್ತಿನಲ್ಲಿ ಇಳಿಜಾರಿನಲ್ಲಿ ಬಿದ್ದು ಸತ್ತಿದ್ದಳು. ಸೈಕಲ್ಲಿನ ಮುಂಭಾಗ ಕಿತ್ತುಕೊಂಡು ಬಂದಿತ್ತಂತೆ.

"ಅಣ್ಣ, ಕಂಪನಿಯವರು ಇದು ನಮ್ದಲ್ಲ, ನಕಲಿ ಅಂತ ಕೈ ತೊಳ್ಕೊಂಡ್ರು," ಎಂದಳು. "ಕೊಯ್ದು ಪದರ ಎಣಿಸಿದ್ದಾರೆ. ಬುಡದಲ್ಲಿ ನಕ್ಷೆಗಿಂತ ಮೂರು ಹೆಚ್ಚು, ಕತ್ತಲ್ಲಿ ಹನ್ನೊಂದಿರಬೇಕಾದ್ದು ಎಂಟು. ನಮ್ಮಲ್ಲಿ ಹಿಂಗೆ ಮಾಡೋದೇ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ಎಂಟು ವರ್ಷದ ಹಿಂದೆ ತಂಡಕ್ಕೆ ಬಂದಿದ್ದು ಅಸಲಿ. ಸ್ಟೋರಿನ ಬೀಗದ ಕೈ ನನ್ನ ಹತ್ರ ಒಬ್ಬಳ ಹತ್ರಾನೇ ಇರೋದು. ಹಾಗಾಗಿ ಅಸಲಿ ಮಾರ್ಕೊಂಡು ನಕಲಿ ತಂದು ಕಟ್ಟಿದ್ದು ನಾನೇ ಅಂತೆ. ತಂಡದ ಬಣ್ಣ ಹಾಕಿಸುವಾಗ ನಂಬರ್ ಉಜ್ಜಿ ಹೋಗಿತ್ತು, ಈಗ ಅದನ್ನೂ ಬೇಕಂತ ಅಳಿಸಿದೆ ಅಂತಾರೆ. ಗುರುವಾರ ವಿಚಾರಣೆ. ಅಲ್ಲಿ ಹೌದು ಅಂದ್ರೆ ನಾನು ಸೀದಾ ಜೈಲಿಗೆ."

ಅಪ್ಪ ಚಾದರದ ಮೇಲಿನ ತುಂಡುಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟ.

"ಜೈಲಿನ ಮಾತು ಬಿಡಿ. ಆ ಹುಡುಗಿ ನನ್ನ ಅಕ್ಕಾ ಅಂತಿದ್ಲು. ಅವರಮ್ಮ ಈಗ ನನ್ನ ಮುಖ ನೋಡಲ್ಲ. ನೀವು ಅಸಲಿ ಅಂತ ಒಂದು ಮಾತು ಹೇಳಿದ್ರೆ ಸಾಕು. ತಕ್ಕಡಿ ಹೇಳಿದ್ರೆ ಎಲ್ಲರೂ ಒಪ್ತಾರೆ."

ಅಪ್ಪ ಬುಡದ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಹೆಬ್ಬೆರಳು ಹಾಕಿ ಸವರಿದ. ಸವರುತ್ತಲೇ ಇದ್ದ. ಆಮೇಲೆ ಅದನ್ನು ಚಾದರದ ಮೇಲೆ ಮಗುಚಿ ಇಟ್ಟು, "ಕಂಪನಿಯವರು ಹೇಳಿದ್ದು ಸರಿ. ನಕಲಿ" ಎಂದ.

"ನಾಣ್ಯ ಬಡೀಲೇ ಇಲ್ವಲ್ಲಣ್ಣ."

"ಬೇಕಾಗಿಲ್ಲ."

ಅವಳು ಚಾದರದ ಅಂಚನ್ನು ತುಂಡುಗಳ ಮೇಲೆ ಎಳೆದಳು. ಜಗಳ ಆಡುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದೇ ಆಯಿತು. "ಹಾಗಾದ್ರೆ ತಂಡಕ್ಕೆ ಬಂದಾಗ್ಲೇ ನಕಲಿ ಇತ್ತೇನೋ," ಎಂದಳು ಸಣ್ಣ ದನಿಯಲ್ಲಿ. "ನಾನು ನೋಡ್ಲಿಲ್ಲ. ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೀನಿ, ಒಂದು ಸಲಾನೂ ಗೊತ್ತಾಗ್ಲಿಲ್ಲ ನಂಗೆ." ತುಂಡುಗಳು ಮನೆಯಲ್ಲಿದ್ದರೆ ನಿದ್ದೆ ಬರುವುದಿಲ್ಲವೆಂದೂ, ಗುರುವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆಂದೂ ಹೇಳಿ ಹೋದಳು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಎಡದ್ದು ಬಲಕ್ಕೆ ಹಾಕಿಕೊಂಡು ಮತ್ತೆ ಬದಲಾಯಿಸಿದಳು.

ನಕಲಿ ಎಂದ ಮೇಲೆ ಗರಗಸ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಗೋಡೆಗೆ ಹಾಕುವ ಮಾತೂ ಆಡಲಿಲ್ಲ. ಅಪ್ಪ ಟೈಲರ್ ಹತ್ತಿರ ಏನೋ ಕೆಲಸವಿದೆ ಎಂದು ಎದ್ದು ಹೋದ. ಟೈಲರ್ ಅಂಗಡಿ ಆ ದಿನ ಮುಚ್ಚಿತ್ತು. ನಾನು ಚಾದರ ಬಿಚ್ಚಿ ಬುಡದ ತುಂಡನ್ನು ತಿರುಗಿಸಿದೆ. ಒಳಗೆ ಮೂರು ಪಟ್ಟಿ, ಒಂದರ ಮೇಲೊಂದು. ಒಂದಕ್ಕೂ ಮೂಲೆ ಇರಲಿಲ್ಲ.

ನನಗೆ ಎಂಥ ಸಿಟ್ಟು ಬಂತೆಂದರೆ, ಅವನು ವಾಪಸು ಬರುವವರೆಗೂ ನಾನು ಕೂರಲಿಲ್ಲ.

"ಅಮ್ಮ ಇಲ್ಲೂ ಕೂತಿದ್ದಾಳಲ್ಲಪ್ಪಾ. ಯಾಕೆ ಇವತ್ತು ನನ್ನ ಕೂಗಲಿಲ್ಲ?"

ಅವನು ಬಾಗಿಲಲ್ಲೇ ನಿಂತ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಹಾಗಾಗಿ ಸಿಕ್ಕಿಬಿದ್ದಾಗ ಅವನ ಮುಖ ಹೇಗಿರುತ್ತದೆಂದೂ ಗೊತ್ತಿರಲಿಲ್ಲ. ಹೊರಗೆ ಕೂತ ನಾಯಿಗೆ ಹಚಾ ಅಂದ. ಶಟರ್ ಅರ್ಧ ಎಳೆದ. ಆಮೇಲೆ ಹೇಳಿದ.

ಬುಡಕ್ಕೆ ಮೂರು ಪಟ್ಟಿ ಸೇರಿಸಿದ ಮೊದಲ ಫ್ರೇಮ್ ಅಮ್ಮ ಅವನ ಮೇಜಿಗೆ ತಂದಾಗ ತೂಕ ಎರಡು ಗ್ರಾಂ ಹೆಚ್ಚು ಬಂದಿತ್ತು. ವಾಪಸು ಕಳಿಸಬೇಕು. ಕಳಿಸಿದರೆ ಹೆಂಡತಿಯ ಹೆಸರಿಗೆ ತಪ್ಪು. ಅವನು ನಗುತ್ತಲೇ, "ನಿನ್ನ ಮಗು ಎರಡು ಗ್ರಾಂ ದಪ್ಪ ಆಗಿದೆ ಕಣೇ. ಎಲ್ಲಾದ್ರೂ ಇಳಿಸ್ಕೊಂಡು ಬಾ" ಎಂದಿದ್ದ. ಅವಳು ಯೋಚನೆ ಮಾಡಿದಳು. ಹಿತ್ತಿಲ ರಾಶಿಯಲ್ಲಿ ಕತ್ತಿನಲ್ಲಿ ಮುರಿದದ್ದು ಒಂದೂ ಇರಲಿಲ್ಲ. ಅಂದರೆ ಕತ್ತಿನಲ್ಲಿ ಹೆಚ್ಚಾಗಿದೆ. ಅಲ್ಲಿಂದ ಮೂರು ಪಟ್ಟಿ ತೆಗೆದಳು. ತೂಕ ಕೂಡಿತು. ಎರಡು ವರ್ಷ, ದಿನಕ್ಕೆ ಮೂರರಂತೆ, ಅವಳು ಹಾಗೇ ಮಾಡಿದಳು, ಇವನು ಹಾಗೇ ತೂಗಿದ. ಅವಳ ಫ್ರೇಮುಗಳು ಬುಡದಲ್ಲಿ ಬಿರುಕು ಬಿಟ್ಟು ವಾಪಸು ಬರಲೇ ಇಲ್ಲ. ಇಬ್ಬರಿಗೂ ಒಳಗೊಳಗೇ ಹೆಮ್ಮೆ.

"ಅಸಲಿ ಅಂದ್ರೆ ಕತ್ತಿನ ಮಾತು ಬರುತ್ತೆ," ಎಂದ. "ಯಾರು ತೆಗೆದಿದ್ದು ಅಂತ ಕೇಳ್ತಾರೆ. ಸತ್ತವಳ ಮೇಲೆ ಹಾಕಿ ಎಲ್ಲರೂ ಪಾರಾಗ್ತಾರೆ. ಒಂದು ಹುಡುಗಿಯನ್ನ ಕೊಂದವಳು ಅಂತ ನಿಮ್ಮಮ್ಮನ್ನ ಊರೆಲ್ಲ ಆಡ್ಕೊಳ್ಳೋದನ್ನ ನಾನು ಕೇಳಬೇಕಾ?"

ತೆಗೆ ಎಂದವನು ನೀನು ತಾನೇ, ಅವಳ ಬೆನ್ನ ಹಿಂದೆ ಅವಿತುಕೊಳ್ಳುತ್ತಿರುವುದು ನೀನು ತಾನೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಥಟ್ಟನೆ ಇನ್ನೊಂದು ಹೊಳೆದಿತ್ತು. "ನನ್ನ ಸೈಕಲ್ಲು? ಒಂಬತ್ತು ವರ್ಷದಿಂದ ಅದೇ ಕತ್ತಿನ ಮೇಲೆ ಇಳಿಜಾರು ಇಳೀತಿದ್ದೀನಲ್ಲ."

"ನಿನ್ನದಕ್ಕೆ ಏನೂ ಆಗಲ್ಲ. ಅದರ ಮಾತು ಬಿಡು," ಎಂದ ಅಪ್ಪ, ತಕ್ಷಣ.

ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡೆ.

ನಾನೂ ಒಂದು ದಿನ ಸುಮ್ಮನಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮೆಕ್ಯಾನಿಕ್ ನನಗೆ ಯಾರು? ಅಮ್ಮ ನನ್ನ ಅಮ್ಮ. ಅವಳು ಹೋಗಿ ಆರು ವರ್ಷವಾಗಿದೆ, ಉಳಿದಿರುವುದು ಒಳ್ಳೆಯ ಹೆಸರೊಂದೇ, ಅದನ್ನೂ ನಾನೇ ಕೈಯಾರೆ ಎತ್ತಿ ಬೀದಿಗೆ ಎಸೆಯಲೇ ಎಂದು ಮಂಗಳವಾರ ಇಡೀ ಬೆಳಿಗ್ಗೆ ಒಂದೇ ಕೊಳವೆಗೆ ಉಜ್ಜು ಕಾಗದ ಹಾಕುತ್ತ ಕೂತಿದ್ದೆ. ಕೊನೆಗೆ ಬಣ್ಣ ಹೋಗಿ ಕಪ್ಪು ನೂಲು ಕಾಣಿಸಿತು. ಕೆಲಸವೇ ಕೆಟ್ಟಿತು.

ಹನ್ನೊಂದು ಗಂಟೆಗೆ ಹಲ್ಲಿನ ಡಾಕ್ಟರು ಬಂದರು. ಬಿಗಿ ಬಟ್ಟೆ, ಬೆವರು, ಮುಖ ತುಂಬ ನಗು. "ತಕ್ಕಡಿಯವ್ರೇ, ಇವತ್ತು ಟ್ಯಾಂಕಿನ ಇಳಿಜಾರಲ್ಲಿ ಬ್ರೇಕೇ ಹಿಡೀಲಿಲ್ಲ ನೋಡಿ! ಅಸಲಿ ಅಂದ್ರೆ ಅಸಲಿ. ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

ಅಪ್ಪ ಅವರ ಸೈಕಲ್ಲಿನ ಕತ್ತನ್ನೇ ನೋಡುತ್ತಿದ್ದ. "ಬಿಟ್ಟು ಹೋಗಿ," ಎಂದ.

"ಏನು?"

"ಸೈಕಲ್ ಇಲ್ಲೇ ಬಿಟ್ಟು ಹೋಗಿ. ಆಟೋ ಹಿಡ್ಕೊಳ್ಳಿ."

"ಯಾಕ್ರೀ? ನೀವೇ ತಾನೆ ಅಸಲಿ ಅಂತ ಬರೆದುಕೊಟ್ಟಿದ್ದು?"

"ಹೌದು, ಅಸಲಿ. ಅದಕ್ಕೇ ಬಿಟ್ಟು ಹೋಗಿ ಅಂತಿರೋದು!" ಅಪ್ಪ ಕೂಗಿದ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅಪ್ಪ ಹ್ಯಾಂಡಲ್ ಬಿಡಲೇ ಇಲ್ಲ. ಮನುಷ್ಯನಿಗೆ ತಲೆ ಕೆಟ್ಟಿದೆ ಎಂದು ನನ್ನ ಕಡೆ ನೋಡಿ ಸನ್ನೆ ಮಾಡಿ, ಆ ಬಿಗಿ ಬಟ್ಟೆಯಲ್ಲೇ ನಡೆದುಕೊಂಡು ಹೋದರು.

ಅವರು ಹೋದ ಮೇಲೆ ಅಪ್ಪ ನೆಲಕ್ಕೆ ಕುಕ್ಕರಿಸಿ ಕೂತ. ಅವನು ಎಣಿಸುತ್ತಿದ್ದಾನೆಂದು ನನಗೆ ಗೊತ್ತಾಯಿತು, ಏಕೆಂದರೆ ನಾನೂ ಅದನ್ನೇ ಎಣಿಸುತ್ತಿದ್ದೆ. ದಿನಕ್ಕೆ ಮೂರು, ಎರಡು ವರ್ಷ. ಅಷ್ಟು ಕತ್ತುಗಳು ಎಲ್ಲೆಲ್ಲೋ ಇಳಿಜಾರು ಇಳಿಯುತ್ತಿವೆ. ಸತ್ತ ಹುಡುಗಿಯದು ನಕಲಿ ಎಂದಾದರೆ ಅವುಗಳನ್ನು ಯಾರೂ ಹುಡುಕುವುದಿಲ್ಲ. ಅವುಗಳಲ್ಲಿ ಎಷ್ಟಕ್ಕೆ ಅಸಲಿ ಎಂದು ಬರೆದುಕೊಟ್ಟಿದ್ದಾನೋ ನಮ್ಮಪ್ಪ, ಅದೂ ನಗುನಗುತ್ತ.

"ಅಪ್ಪಾ, ಗುರುವಾರ ನಾವೇ ಹೋಗೋಣ," ಎಂದೆ.

"ಹೋಗಿ ಏನು ಹೇಳಲಿ? ಕೆಲಸದಿಂದ ತೆಗೆದವನು ಹೊಟ್ಟೆಕಿಚ್ಚಿಗೆ ಹೇಳ್ತಿದ್ದಾನೆ ಅಂತಾರೆ. ಡಾಕ್ಟರ ಫ್ರೇಮ್ ತೋರಿಸಿದ್ರೆ ಅದೂ ನಕಲೀನೇ ಅಂತಾರೆ. ಇದು ನಮ್ಮದೇ ಅಂತ ಅವರೇ ಕೈಯಾರೆ ಬರೆದುಕೊಟ್ಟಿರೋ ಫ್ರೇಮ್ ಬೇಕು. ಅವಳ ಹೆಸರಿರೋದು."

ಅಂಥದ್ದು ಇದ್ದದ್ದು ಒಂದೇ. ಇಬ್ಬರೂ ಒಳಕೋಣೆಯ ಬಾಗಿಲ ಕಡೆ ನೋಡಿದೆವು.

ಬುಧವಾರ ಬೆಳಿಗ್ಗೆ ನಾನೇ ಬಿಳಿ ಸೈಕಲ್ಲನ್ನು ಮೊಳೆಯಿಂದ ಇಳಿಸಿದೆ. ಚಕ್ರ ಬಿಚ್ಚಿದೆ, ಹ್ಯಾಂಡಲ್ ಬಿಚ್ಚಿದೆ, ಪೆಡಲ್ ಬಿಚ್ಚಿದೆ. ಫ್ರೇಮಿನ ಬುಡದ ಅಡಿಯಲ್ಲಿ ನಂಬರಿನ ಪಕ್ಕದಲ್ಲಿ ಅಮ್ಮನ ಹೆಸರು ಸಣ್ಣಕ್ಷರದಲ್ಲಿತ್ತು. ಅಪ್ಪ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದ. ಅವಳದೆಂದು ಉಳಿದದ್ದು ಇದೊಂದೇ, ಅದಕ್ಕೇ ಕೈ ಬರುತ್ತಿಲ್ಲ ಎಂದುಕೊಂಡು ನನಗೆ ಕನಿಕರವೂ ಆಯಿತು.

"ಬುಡ ಒಂದು ಕೊಯ್ದರೆ ಸಾಕು," ಎಂದ. "ಮೂರು ಪಟ್ಟಿ ಕಂಡ್ರೆ ಅವರೇ ಒಪ್ಕೋಬೇಕಾಗುತ್ತೆ. ಕತ್ತು ಹಾಗೇ ಇರಲಿ."

"ಅರ್ಧ ಉಳಿಸ್ಕೊಂಡು ಏನು ಮಾಡ್ಲಪ್ಪಾ? ಕತ್ತೂ ಎಂಟೇ ಇದೆ ಅಂತ ಕಂಡ್ರೆ ಮಾತೇ ಇರಲ್ಲ."

ಅವನು ಬೇಡ ಎಂದ. ಮತ್ತೆ ಬೇಡ ಎಂದ. ನಾನು ಅವನ ಮಗಳು, ಹಟಕ್ಕೆ ಬಿದ್ದರೆ ಇಬ್ಬರದೂ ಒಂದೇ ತಳಿ. ಗರಗಸ ನಾನೇ ತೆಗೆದುಕೊಂಡೆ. ಬುಡ ಕೊಯ್ದಾಗ ಮೂರು ಪಟ್ಟಿ, ಗುಂಡು ಮೂಲೆ, ಎಣಿಸಿದಂತೆಯೇ ಬಂತು. ಕತ್ತು ಕೊಯ್ಯಲು ಹೆಚ್ಚು ಹೊತ್ತು ಹಿಡಿಯಿತು. ಕಪ್ಪು ಧೂಳು ಒರೆಸಿ, ಅಂಚನ್ನು ನುಣ್ಣಗೆ ಉಜ್ಜಿ, ಭೂತಕನ್ನಡಿ ಹಿಡಿದು ಪದರ ಎಣಿಸಿದೆ. ತಪ್ಪಿತೇನೋ ಎಂದು ಸೂಜಿ ಇಟ್ಟು ಮತ್ತೆ ಎಣಿಸಿದೆ.

ಹನ್ನೊಂದಿತ್ತು.

ಮೊದಲು ನನಗೆ ಖುಷಿಯಾಯಿತು, ನಾಚಿಕೆಗೇಡಿನ ಖುಷಿ. ಅಮ್ಮ ಕತ್ತಿನಿಂದ ಪದರ ತೆಗೆಯುತ್ತಿರಲಿಲ್ಲ, ಅಪ್ಪನ ನೆನಪೇ ತಪ್ಪು ಎಂದುಕೊಂಡೆ. ತಿರುಗಿ ಅಪ್ಪನನ್ನು ನೋಡಿದೆ. ಅವನು ಫ್ರೇಮಿನ ಕಡೆ ನೋಡುತ್ತಲೇ ಇರಲಿಲ್ಲ.

"ಆ ದಿನ ಎರಡು ಗ್ರಾಂ ಹೆಚ್ಚು ಬಂದಿತ್ತು," ಎಂದ. "ಇಳಿಸ್ಕೊಂಡು ಬಾ ಅಂದೆ. 'ಇದೊಂದು ಬಿಟ್ಬಿಡಿ, ಇದು ನಮ್ಮ ಮಗೂದು' ಅಂದ್ಲು. ನಾನು ಸರಿಯಾಗಿದೆ ಅಂತ ಬರೆದು ಒಳಗೆ ಕಳಿಸಿದೆ."

ಆಗ ಅರ್ಥವಾಯಿತು. ಅರ್ಥವಾದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಹಿಂದಿನ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದೆ, ಕಪ್ಪು ಹೋಗಲಿಲ್ಲ, ಮತ್ತೆ ತೊಳೆದೆ. ಅಮ್ಮನಿಗೆ ಗೊತ್ತಿತ್ತು. ಗೊತ್ತಿತ್ತು ಎನ್ನುವುದು ದೊಡ್ಡ ಮಾತಾದರೆ, ಅನುಮಾನವಿತ್ತು ಎನ್ನಿ. ಊರಿನ ಮಕ್ಕಳಿಗೆಲ್ಲ ಎಂಟು ಪದರ ಸಾಕು ಎಂದ ಕೈಗೆ ತನ್ನ ಮಗಳದು ಬಂದಾಗ ಮೂರು ಪಟ್ಟಿ ಕಡಿಮೆ ಮಾಡಲು ಮನಸ್ಸಾಗಿರಲಿಲ್ಲ. ಆಮೇಲೆ ಮರುದಿನದಿಂದ ಮತ್ತೆ ಎಂಟು. ನಾನು ಒಂಬತ್ತು ವರ್ಷ ಆ ಇಳಿಜಾರಿನಲ್ಲಿ ಹಾಡು ಹೇಳಿಕೊಂಡು ಇಳಿದಿದ್ದೆ. ಅವಳ ಮೇಲೆ ನನಗೆ ಅಷ್ಟು ಪ್ರೀತಿ, ಅಷ್ಟೇ ಅಸಹ್ಯ ಒಟ್ಟಿಗೇ ಬಂತು, ಈಗಲೂ ಅವೆರಡು ಬೇರೆಯಾಗಿಲ್ಲ.

ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ ಬರುವ ಮುಂಚೆ ನಾನು ಬಿಳಿ ಫ್ರೇಮಿನ ಬುಡವನ್ನು, ಅಮ್ಮನ ಹೆಸರಿದ್ದ ಕಂಪನಿಯ ಪತ್ರವನ್ನು ಆ ಮುರಿದ ತುಂಡುಗಳ ಜೊತೆ ಚಾದರದಲ್ಲಿ ಕಟ್ಟಿದೆ. ಬಿಳಿ ಕತ್ತನ್ನು ಬೆಂಚಿನ ಕೆಳಗೆ ತಳ್ಳಿದೆ. ಬುಡ ಒಂದೇ ಸಾಕಿತ್ತು, ಅಪ್ಪನೇ ಹೇಳಿದ್ದನಲ್ಲ. ಅಪ್ಪ ಮೀಸೆ ಕತ್ತರಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ ಬಂದವನು ಗಂಟನ್ನು ಕೈಯಲ್ಲಿ ಎತ್ತಿ ನೋಡಿದ. ಇಪ್ಪತ್ತೈದು ವರ್ಷ ತೂಗಿದ ಕೈ.

"ಕಮ್ಮಿ ಇದೆ," ಎಂದ. ಬಗ್ಗಿ ಬೆಂಚಿನ ಕೆಳಗಿನಿಂದ ಕತ್ತು ತೆಗೆದು ಗಂಟಿಗೆ ಸೇರಿಸಿದ.

ಮೆಕ್ಯಾನಿಕ್‌ಗೆ ದಾರಿಯಲ್ಲೇ ಎಲ್ಲ ಹೇಳಿದ. ಅವಳು ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕೇಳಿಸಿಕೊಂಡಳು. ಇಳಿಯುವಾಗ ಮಾತ್ರ, "ಮೂರು ದಿನ ನಾನು ಕನ್ನಡಿ ನೋಡಿಲ್ಲ, ಅಣ್ಣ. ಸೋಮವಾರಾನೇ ಹೇಳಬಹುದಿತ್ತು" ಎಂದಳು. ಅಪ್ಪ ಹೌದು ಎಂದ.

ಕ್ರೀಡಾ ಸಂಘದ ಸಭಾಂಗಣದಲ್ಲಿ ಉದ್ದ ಮೇಜು, ನೀರಿನ ಬಾಟಲಿಗಳು, ಕಿರುಗುಟ್ಟುವ ಫ್ಯಾನು. ಕಂಪನಿಯ ಎಂಜಿನಿಯರ್ ಪದರಗಳ ಲೆಕ್ಕದ ಪಟ್ಟಿಯನ್ನು ಎಲ್ಲರಿಗೂ ಹಂಚಿದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಸತ್ತ ಹುಡುಗಿಯ ತಾಯಿ ಕೂತಿದ್ದರು, ಮಡಿಲಲ್ಲಿ ಕೈಚೀಲ. ಅಪ್ಪ ಬುಡದ ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟ. ಗುಂಡು ಮೂಲೆ ಇಲ್ಲೂ ಮೂರು, ಅಲ್ಲೂ ಮೂರು. ಪಕ್ಕದಲ್ಲಿ ಅವರದೇ ನಂಬರ್, ಅವರದೇ ಪತ್ರ. ಹಾಳೆ ಕೂರಿಸಿದ್ದು ನನ್ನ ಹೆಂಡತಿ, ಕತ್ತಿನಿಂದ ಪದರ ತೆಗೆಯೋ ಹಾಗೆ ಮಾಡಿದ್ದು ನಾನು, ಈ ಹೆಂಗಸು ಏನೂ ಮಾಡಿಲ್ಲ ಎಂದ. ಎಂಜಿನಿಯರ್ ಪತ್ರವನ್ನು ಎರಡು ಸಲ ತಿರುಗಿಸಿ ನೋಡಿ, ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದ. ಅಧ್ಯಕ್ಷರು ಮೆಕ್ಯಾನಿಕ್‌ಗೆ ಕುರ್ಚಿ ಕೊಡಿ ಎಂದರು. ಅವಳನ್ನು ಅದುವರೆಗೆ ನಿಲ್ಲಿಸಿಯೇ ಇದ್ದರು.

ಅಪ್ಪ ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಅವನ ತೋಳು ಹಿಡಿದೆ ಕೂಡ. ಅವನು ಗಂಟಿನಿಂದ ಬಿಳಿ ಕತ್ತನ್ನು ತೆಗೆದು ಮೇಜಿನ ಮೇಲಿಟ್ಟು, "ಇದೂ ಅವಳೇ ಮಾಡಿದ್ದು. ಇದರ ತೂಕ ನಾನು ಸುಳ್ಳು ಬರೆದಿದ್ದೆ" ಎಂದ.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಕಿಟಕಿ ಪಕ್ಕದ ತಾಯಿಗೆ. ಎದ್ದು ಬಂದರು. ಮುರಿದ ಕತ್ತನ್ನು ಮುಟ್ಟಲಿಲ್ಲ. ಬಿಳಿಯದನ್ನು ಎತ್ತಿಕೊಂಡು, ಅಂಚಿನ ಮೇಲೆ ಉಗುರಿನಿಂದ ಒಂದೊಂದೇ ಪದರ ಎಣಿಸಿದರು. ತುಟಿ ಮಾತ್ರ ಅಲುಗುತ್ತಿತ್ತು. ಕೊನೆಗೆ ಕೈಯಲ್ಲಿದ್ದ ಲೆಕ್ಕದ ಪಟ್ಟಿಯಲ್ಲಿ ಎಂಟು ಎಂದಿದ್ದ ಸಾಲನ್ನು ನೋಡಿದರು.

"ಇದು ಯಾರದು?" ಎಂದು ಕೇಳಿದರು.

"ನನ್ನ ಮಗಳದು," ಎಂದ ಅಪ್ಪ.

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ತಲೆಯಿಂದ ಪಾದದವರೆಗೆ, ಎಲ್ಲೂ ಏನೂ ಆಗಿಲ್ಲವಲ್ಲ ಎಂದು ನೋಡುವ ಹಾಗೆ ನೋಡಿದರು. ಆಮೇಲೆ ಆ ತುಂಡನ್ನು ನನ್ನ ಕೈಗೆ ಕೊಟ್ಟು, ಕೈಚೀಲ ತೆಗೆದುಕೊಂಡು ಹೊರಗೆ ಹೋದರು.